ಆರು ಸಾವಿರದ ಇನ್ನೂರ ಹದಿನಾಲ್ಕು

ಹೊಸ ಕಾರು ತಗೊಂಡವನು ಓಡಿಸಿ ಮೆರೆಯುತ್ತಾನೆ, ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನು ಓಡಿಸದೆ ಮೆರೆಯುತ್ತಾನೆ. ಈ ಮಾತನ್ನು ಮೊದಲ ಸಲ ಕೇಳಿದಾಗ ಚನ್ನಕೇಶವ ಬಿದ್ದು ಬಿದ್ದು ನಕ್ಕಿದ್ದ. ಅಲ್ಲ ಸ್ವಾಮಿ, ಒಂದು ಜೊತೆ ಎತ್ತು ತಂದು, ಉಳದೆ, ಗಾಡಿ ಕಟ್ಟದೆ, ಕೊಟ್ಟಿಗೆಯಲ್ಲೇ ಮೇಯಿಸಿ, ‘ಇವುಗಳ ಹೆಗಲಿಗೆ ನೊಗ ತಾಗಿಲ್ಲ ನೋಡಿ, ಅದಕ್ಕೇ ಮೂರರಷ್ಟು ಬೆಲೆ’ ಅಂದರೆ ಯಾರಾದರೂ ಕೊಳ್ಳುತ್ತಾರಾ? ಕಾರಿನ ಲೋಕದಲ್ಲಿ ಕೊಳ್ಳುತ್ತಾರಂತೆ. ಮೀಟರಿನಲ್ಲಿ ಕಿಲೋಮೀಟರು ಎಷ್ಟು ಕಮ್ಮಿಯೋ ಬೆಲೆ ಅಷ್ಟು ಜಾಸ್ತಿಯಂತೆ. ಅವನು ನಕ್ಕಿದ್ದು ಹದಿನಾಲ್ಕು ವರ್ಷದ ಹಿಂದೆ. ಈ ಬುಧವಾರ ಬೆಳಿಗ್ಗೆ ಅಂಥದ್ದೇ ಒಂದು ಕಾರನ್ನು ನೋಡಲು ಗಿರಾಕಿ ಬರುವವರಿದ್ದರು, ಚನ್ನಕೇಶವನಿಗೆ ನಗು ಬರುತ್ತಿರಲಿಲ್ಲ.

ಕಾರು ಅವನದಲ್ಲ. ಚಿಕ್ಕಬಳ್ಳಾಪುರದಲ್ಲಿ ಜಲ್ಲಿ ಕ್ರಷರ್ ಇಟ್ಟಿದ್ದ ಮೋಹನ್‌ಬಾಬು ಅವರದು. ಅವರ ಲಾರಿಯನ್ನು ಇವನು ಹದಿನೆಂಟು ವರ್ಷ ಓಡಿಸಿದ್ದ. ಕಾರು ಜಪಾನಿನದು, ಕೆಂಪು ಬಣ್ಣ, ಇಬ್ಬರೇ ಕೂರಬಹುದು, ಮೇಲಿನ ಟಾಪನ್ನು ಛತ್ರಿಯ ಹಾಗೆ ಹಿಂದಕ್ಕೆ ಮಡಚಬಹುದು. ದೀಪ ಹಾಕಿದರೆ ಬಾನೆಟ್ಟಿನಿಂದ ಎರಡು ಕಣ್ಣು ಎದ್ದು ನಿಲ್ಲುತ್ತಿದ್ದವು. ಊರ ಮಕ್ಕಳು ಕಪ್ಪೆ ಕಾರು ಅಂತಲೇ ಕರೆಯುತ್ತಿದ್ದರು. ಮೋಹನ್‌ಬಾಬು ಆಸೆಪಟ್ಟು ಕೊಂಡು ಆಸೆಯಿಂದಲೇ ಓಡಿಸುತ್ತಿದ್ದಾಗ ಬೆಂಗಳೂರಿನಲ್ಲಿ ಹಳೇ ಕಾರುಗಳ ಹುಚ್ಚಿನವರೊಬ್ಬರು ಅವರ ಕಿವಿ ಊದಿದರು. ಇಂಥಾ ಗಾಡಿ ದೇಶದಲ್ಲೇ ಬೆರಳೆಣಿಕೆ, ಇನ್ನು ಒಂದು ಸುತ್ತೂ ಓಡಿಸಬೇಡಿ, ನಿಲ್ಲಿಸಿಬಿಡಿ, ಇಪ್ಪತ್ತು ವರ್ಷ ಕಳೆಯಲಿ, ಆಮೇಲೆ ನೋಡಿ ಅಂದರು. ಆವತ್ತು ಮೀಟರು ಆರು ಸಾವಿರದ ಇನ್ನೂರ ಹದಿನಾಲ್ಕು ತೋರಿಸುತ್ತಿತ್ತು.

ಆಮೇಲೆ ಕ್ರಷರ್ ಮುಚ್ಚಿತು. ಜಮೀನು ಅಣ್ಣತಮ್ಮಂದಿರ ಭಾಗದಲ್ಲಿ ಕರಗಿತು. ಉಳಿದದ್ದು ಕಾರೊಂದೇ. ಅದನ್ನು ಹೆಂಡತಿ ಅನಸೂಯಮ್ಮನ ಹೆಸರಿಗೆ ಮಾಡಿಸಿ, ಗಂಡಹೆಂಡತಿ ಚಿಕ್ಕಬಳ್ಳಾಪುರದ ಬಾಡಿಗೆ ಮನೆಗೆ ಹೋದರು. ಅಲ್ಲಿ ಸೈಕಲ್ ನಿಲ್ಲಿಸೋಕೂ ಜಾಗ ಇರಲಿಲ್ಲ. ‘ಕೇಶವಾ, ಗಾಡಿ ನಿನ್ನ ಹತ್ರ ಇರ್ಲಿ ಕಣೋ. ನಿನ್ನ ಬಿಟ್ರೆ ಯಾರನ್ನ ನಂಬ್ಲಿ’ ಅಂದರು ಮೋಹನ್‌ಬಾಬು. ಶಿಡ್ಲಘಟ್ಟ ರಸ್ತೆಯಲ್ಲಿ ಚನ್ನಕೇಶವನ ಎರಡೆಕರೆ ಹಿಪ್ಪುನೇರಳೆ ತೋಟ, ತೋಟದಲ್ಲಿ ಮನೆ, ಮನೆ ಪಕ್ಕ ರೇಷ್ಮೆ ಹುಳು ಸಾಕುವ ಹುಳುಮನೆ. ಆ ಹುಳುಮನೆಯ ಪಕ್ಕದಲ್ಲೊಂದು ತಗಡಿನ ಶೆಡ್ಡು ಎದ್ದಿತು, ಲಾರಿಯ ಮೇಲೆ ಬಂದ ಕಪ್ಪೆ ಅದರೊಳಗೆ ಕೂತಿತು.

ಕಟ್ಟಳೆ ಸುಲಭದ್ದು. ಪ್ರತಿ ಭಾನುವಾರ ಕಾಲು ಗಂಟೆ ಇಂಜಿನ್ ಚಾಲೂ ಮಾಡಬೇಕು, ಒರೆಸಬೇಕು, ಮೀಟರು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ ನೋಟ್‌ಬುಕ್ ತೋರಿಸಿ, ಅನಸೂಯಮ್ಮ ಕೊಟ್ಟ ಕಾಫಿ ಕುಡಿದು ಬರಬೇಕು. ಹದಿನಾಲ್ಕು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅವನಿಗೆ ಜ್ವರ ಬಂದಾಗ ಹೆಂಡತಿ ಮಾಲಾ ಬಸ್ಸು ಹತ್ತಿ ಹೋಗಿ ತೋರಿಸಿ ಬಂದಿದ್ದಳು. ‘ಎಷ್ಟಾಯ್ತೋ?’ ಅಂತ ಮೋಹನ್‌ಬಾಬು ಕೇಳುವುದು, ‘ಆರು ಸಾವಿರದ ಇನ್ನೂರ ಹದಿನಾಲ್ಕು ಅಣ್ಣಾ’ ಅಂತ ಇವನು ಹೇಳುವುದು, ಅವರು ಬ್ಯಾಂಕಿನ ಪಾಸ್‌ಬುಕ್ ನೋಡಿದಷ್ಟು ಸಂತೋಷಪಡುವುದು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೂ, ನಾಲಗೆ ತೊದಲುತ್ತಿದ್ದಾಗಲೂ, ಆ ಪ್ರಶ್ನೆ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಈಗ ಅನಸೂಯಮ್ಮ ಕಾರು ಮಾರಲು ಕೂತಿದ್ದರು. ಬಾಡಿಗೆ ಮನೆಯವರು ಬಿಡಿ ಅಂದಿದ್ದರು. ಅದೇ ಬೀದಿಯ ಕೊನೆಯಲ್ಲಿ ಎರಡು ಕೋಣೆಯ ಪುಟ್ಟ ಮನೆಯೊಂದು ಮಾರಾಟಕ್ಕಿತ್ತು, ಮುಂದೆ ಒಂದು ನುಗ್ಗೇ ಮರ. ಆಕೆ ಅದಕ್ಕೆ ಮಾತು ಕೊಟ್ಟುಬಿಟ್ಟಿದ್ದರು. ಮೂವತ್ತು ಲಕ್ಷಕ್ಕೆ ಕಾರು ಹೋದರೆ ಮನೆ, ಇಲ್ಲದಿದ್ದರೆ ಅರವತ್ತಾರನೇ ವಯಸ್ಸಿನಲ್ಲಿ ಮತ್ತೆ ಬಾಡಿಗೆ ಮನೆ ಹುಡುಕಬೇಕು. ಚಿಂತಾಮಣಿಯ ದಲ್ಲಾಳಿಯೊಬ್ಬ ಬಂದು ಗುಜರಿ ರೇಟು ಹೇಳಿ ಬೈಸಿಕೊಂಡು ಹೋಗಿದ್ದ. ಈಗ ಬರುತ್ತಿದ್ದವರು ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಷರೀಫ್. ಹರಳಿನ ವ್ಯಾಪಾರಿ, ಹಳೇ ಸ್ಪೋರ್ಟ್ಸ್ ಕಾರುಗಳ ಬೆಲೆ ಬಲ್ಲ ಮನುಷ್ಯ. ಫೋನಿನಲ್ಲಿ ಅವರು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಓಡಿದೆ? ಅದಕ್ಕೆ ಸಾಕ್ಷಿ ಏನು?

‘ನಮ್ಮ ಕೇಶವನೇ ಸಾಕ್ಷಿ’ ಅಂದಿದ್ದರು ಅನಸೂಯಮ್ಮ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಅಂತ ಒಂದು ಗಾದೆ ಇದೆಯಲ್ಲ, ಚನ್ನಕೇಶವ ಆ ಬೇಲಿ.

ಶುರುವಾದದ್ದು ಆರು ವರ್ಷದ ಹಿಂದೆ, ನಿಜವಾದ ತಾಪತ್ರಯದಿಂದ. ರೇಷ್ಮೆ ಗೂಡು ಬಿಡಿಸಿ ಚೀಲಕ್ಕೆ ತುಂಬಿಯಾಗಿತ್ತು, ಬೆಳಿಗ್ಗೆ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗಬೇಕು, ಟೆಂಪೋದವನು ಕೈಕೊಟ್ಟ. ಗೂಡಿನ ಹಣೆಬರಹ ಗೊತ್ತಲ್ಲ, ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಡುತ್ತೆ. ತೂತು ಬಿದ್ದ ಗೂಡಿನಿಂದ ನೂಲು ಬರಲ್ಲ, ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡಲ್ಲ. ಚನ್ನಕೇಶವ ಅಂಗಳದಲ್ಲಿ ನಾಲ್ಕು ಸಲ ಅತ್ತಿಂದಿತ್ತ ಓಡಾಡಿದ. ಐದನೇ ಸಲ ಶೆಡ್ಡಿಗೆ ಹೋಗಿ, ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ, ಮೀಟರಿನ ಹಿಂದಿನ ಕೇಬಲ್ ತಿರುಗಿಸಿ ಬಿಚ್ಚಿದ. ಲಾರಿ ಓಡಿಸಿದವನಿಗೆ ಇದೇನು ವಿದ್ಯೆ? ಕೇಬಲ್ ಬಿಚ್ಚಿದರೆ ಗಾಡಿ ಕಾಶಿಗೆ ಹೋಗಿ ಬಂದರೂ ಮೀಟರಿಗೆ ಸುದ್ದಿ ಮುಟ್ಟಲ್ಲ. ಒಂದು ಚೀಲ ಡಿಕ್ಕಿಗೆ, ಇನ್ನೊಂದು ಪಕ್ಕದ ಸೀಟಿಗೆ. ಬೀಳದಿರಲಿ ಅಂತ ಚೀಲಕ್ಕೆ ಸೀಟ್ ಬೆಲ್ಟು ಹಾಕಿದ. ಗೂಡಿಗೆ ಗಾಳಿ ಬೇಕು ಅಂತ ಟಾಪು ಮಡಚಿದ. ಮಾಲಾ ಬಾಗಿಲಲ್ಲಿ ನಿಂತು, ‘ಮದುವೆ ಹೆಣ್ಣು ಚೆನ್ನಾಗವ್ಳೆ’ ಅಂತ ಚೀಲವನ್ನು ನೋಡಿ ನಕ್ಕಳು.

ಆ ಒಂದು ಸಲಕ್ಕೆ ಯಾವ ದೇವರೂ ಶಾಪ ಹಾಕುತ್ತಿರಲಿಲ್ಲ. ಆದರೆ ಆವತ್ತು ಬೆಳಗಿನ ತಂಪಿನಲ್ಲಿ ಟಾಪಿಲ್ಲದ ಗಾಡಿ ಮಾವಿನ ತೋಪುಗಳ ನಡುವೆ ಹೋಗುತ್ತಿದ್ದಾಗ, ಹದಿನೆಂಟು ವರ್ಷ ಜಲ್ಲಿ ಧೂಳು ಕುಡಿದ ಮನುಷ್ಯನಿಗೆ ಏನೋ ಆಯಿತು. ಮಾರ್ಕೆಟ್ ಗೇಟಿನಲ್ಲಿ ರೈತರು ‘ಏನಪ್ಪಾ ಧಣಿ’ ಅಂತ ಸುತ್ತ ನೆರೆದರು. ಮುಂದಿನ ಬೆಳೆಗೆ ಟೆಂಪೋದವನು ತಾನೇ ಫೋನು ಮಾಡಿದ. ‘ಬೇಡ ಕಣಪ್ಪಾ, ಬೇರೆ ಅರೇಂಜ್ ಆಗೈತೆ’ ಅಂದುಬಿಟ್ಟ ಚನ್ನಕೇಶವ. ಆಮೇಲೆ ಪ್ರತಿ ಬೆಳೆಯೂ ಹಾಗೇ ಹೋಯಿತು. ಕೆಲವು ಸಲ ಒಂದೇ ಸಲಕ್ಕೆ ಹೋಗುವ ಮಾಲನ್ನು ಎರಡು ದಿನಕ್ಕೆ ಹಂಚಿದ್ದೂ ಉಂಟು. ಹೋಗಿ ಬರೋಕೆ ಮೂವತ್ತಾರು ಕಿಲೋಮೀಟರು. ಬಂದ ಕೂಡಲೇ ಕೇಬಲ್ ಸಿಕ್ಕಿಸಿ, ಸೀಟು ಒರೆಸಿ, ಭಾನುವಾರ ನೋಟ್‌ಬುಕ್ಕಿನಲ್ಲಿ ಅದೇ ನಂಬರು ಬರೆಯುತ್ತಿದ್ದ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಮೀಟರು ತೋರಿಸಿದ್ದೇ ಅದು ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಒಮ್ಮೆ ಯಾರೋ ಮೋಹನ್‌ಬಾಬು ಕಿವಿಗೆ ಹಾಕಿದ್ದರು, ನಿಮ್ಮ ಕಾರು ಶಿಡ್ಲಘಟ್ಟದಲ್ಲಿ ಕಂಡಂಗಾಯ್ತು ಅಂತ. ಅವರು ಚನ್ನಕೇಶವನ ಎದುರಿಗೇ ಆ ಮಾತು ಹೇಳಿ ನಕ್ಕಿದ್ದರು. ‘ನೋಡೋ, ಜನಕ್ಕೆ ಕೆಂಪಗಿರೋದೆಲ್ಲಾ ನಮ್ಮ ಗಾಡೀನೇ.’ ಚನ್ನಕೇಶವನೂ ನಕ್ಕಿದ್ದ. ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಹೊತ್ತಾಯಿತು ಅಂತ ಎದ್ದು ಬಂದಿದ್ದ.

ಅವರು ಹೋಗುವ ಮುಂಚಿನ ತಿಂಗಳು ಒಂದು ಭಾನುವಾರ ಮೋಹನ್‌ಬಾಬು ಅವನ ಕೈ ಹಿಡಿದುಕೊಂಡು ಒಂದೊಂದೇ ಮಾತು ಕೂಡಿಸಿ ಕೇಳಿದ್ದರು, ‘ಒಂದ್ಸಲ... ಅದರಲ್ಲಿ... ಮುದ್ದೇನಹಳ್ಳಿ ಕ್ರಾಸ್‌ವರ್ಗೂ ಕರ್ಕೊಂಡೋಗೋ. ಟಾಪು ತೆಗ್ದು.’ ಚನ್ನಕೇಶವ ಉತ್ತರ ಕೊಡುವ ಮೊದಲೇ ಅವರೇ ತಲೆಯಾಡಿಸಿದ್ದರು. ‘ಬೇಡ ಬಿಡು. ನಂಬರ್ ಹೋಗುತ್ತೆ. ಅನಸೂಯಂಗೆ ಅದೊಂದೇ ಇರೋದು.’ ಆ ದಿನ ಅದಾದ ಮೇಲೆ ನಡೆದ ಇನ್ನೊಂದು ಮಾತನ್ನು ಚನ್ನಕೇಶವ ನೆನಪಿಗೆ ಬರಗೊಡುತ್ತಿರಲಿಲ್ಲ. ಬಂದರೆ ಎದ್ದು ಹೋಗಿ ಸೊಪ್ಪು ಕುಯ್ಯುತ್ತಿದ್ದ. ಅವರು ಸತ್ತ ದಿನದಿಂದ ಅವನು ಕಪ್ಪೆಯ ಕೇಬಲ್ ಮುಟ್ಟಿಲ್ಲ.

ಹತ್ತು ಗಂಟೆಗೆ ಅನಸೂಯಮ್ಮ ಆಟೋದಲ್ಲಿ ಬಂದಿಳಿದರು. ಇಸ್ತ್ರಿ ಮಾಡಿದ ಸೀರೆ, ಚೀಲದಲ್ಲಿ ಹದಿನಾಲ್ಕು ವರ್ಷದ ನೋಟ್‌ಬುಕ್ಕುಗಳು. ಅವರ ಹಿಂದೆಯೇ ಷರೀಫರ ಕಾರು ಬಂತು. ಐವತ್ತರ ಆಸುಪಾಸಿನ ಸಣ್ಣ ಆಳು, ಮೆತ್ತಗಿನ ಮಾತು, ಜೇಬಿನಲ್ಲಿ ಹರಳು ನೋಡುವ ಪುಟ್ಟ ಭೂತಗನ್ನಡಿ. ಜೊತೆಯಲ್ಲಿ ತಾಯಿ ಖತೀಜಾ ಬೀ. ‘ಅಮ್ಮೀ ಶಿಡ್ಲಘಟ್ಟದೋರು. ತವರಿನ ರಸ್ತೆ ಅಂದ ಕೂಡ್ಲೇ ನಾನೂ ಬರ್ತೀನಿ ಅಂತ ಹಟ ಮಾಡಿದ್ರು’ ಅಂದರು ಷರೀಫ್.

ಶೆಡ್ಡಿನ ಬಾಗಿಲು ತೆಗೆದರು. ಷರೀಫ್ ಕಾರಿನ ಸುತ್ತ ಮೂರು ಸಲ ಸುತ್ತಿದರು. ಮೀಟರಿನ ಗಾಜಿಗೆ ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ನೋಡಿದರು. ಯಾರಾದರೂ ನಂಬರು ಹಿಂದಕ್ಕೆ ತಿರುಗಿಸಿದ್ದರೆ ಅಂಕಿಗಳು ಒಂದೇ ಸಾಲಿನಲ್ಲಿ ಕೂರುವುದಿಲ್ಲವಂತೆ. ಇಲ್ಲಿ ನೇರ ಕೂತಿದ್ದವು. ಇಂಜಿನ್ ಚಾಲೂ ಮಾಡಿಸಿದರು, ಕೆಳಗೆ ಬಗ್ಗಿ ಆಯಿಲ್ ಸೋರಿದೆಯಾ ನೋಡಿದರು, ಬ್ರೇಕು ತುಳಿದರು.

‘ಆಶ್ಚರ್ಯ ಕಣಮ್ಮ’ ಅಂದರು ಅನಸೂಯಮ್ಮನಿಗೆ. ‘ಸಾಮಾನ್ಯವಾಗಿ ಇಷ್ಟು ವರ್ಷ ನಿಂತ ಗಾಡಿಗೆ ರಬ್ಬರೆಲ್ಲಾ ಒಣಗಿ ಸೀಳಿರುತ್ತೆ, ಬ್ರೇಕು ಕಚ್ಕೊಂಡಿರುತ್ತೆ. ಓಡದೆ ಇರೋದೂ ಗಾಡಿಗೆ ಒಂದು ಕಾಯಿಲೇನೇ. ಇದು ನಿನ್ನೆ ಓಡಿದಂಗಿದೆ.’

‘ಕೇಶವ ಮಗೂನ ನೋಡ್ಕೊಂಡಂಗೆ ನೋಡ್ಕೊಂಡ’ ಅಂದರು ಆಕೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚನ್ನಕೇಶವ ಹೆಗಲ ಮೇಲಿದ್ದ ಟವೆಲ್ ತೆಗೆದು ಸುಮ್ಮಸುಮ್ಮನೆ ಮುಖ ಒರೆಸಿಕೊಂಡ.

ಷರೀಫ್ ಅನಸೂಯಮ್ಮನನ್ನು ಕರೆದುಕೊಂಡು ಕಾಗದಪತ್ರ ನೋಡಲು ಜಗಲಿಗೆ ಹೋದರು. ಖತೀಜಾ ಬೀಗೆ ಮಂಡಿ ನೋವು. ಕಾರಿನ ಬಾಗಿಲು ತೆಗೆದೇ ಇತ್ತಲ್ಲ, ಪಕ್ಕದ ಸೀಟಿನಲ್ಲಿ ಉಸ್ಸಪ್ಪಾ ಅಂತ ಕೂತುಬಿಟ್ಟರು. ಚನ್ನಕೇಶವ ಬಾನೆಟ್ ಮುಚ್ಚಿ ಬರುವಷ್ಟರಲ್ಲಿ ಆಕೆಯ ಕೈ ಸೀಟಿನ ಸಂದಿಯೊಳಗೆ ಹೋಗಿತ್ತು. ಕೈ ಹೊರಗೆ ಬಂದಾಗ ಎರಡು ಬೆರಳ ನಡುವೆ ಒಂದು ರೇಷ್ಮೆ ಗೂಡು, ಒಂದು ತುದಿಯಲ್ಲಿ ತೂತು.

‘ಬಾ ಬೇಟಾ ಇಲ್ಲಿ’ ಅಂದರು ಆಕೆ. ‘ಇದೇನಿದು?’

‘ಪಕ್ಕದಲ್ಲೇ ಹುಳುಮನೆ ಅಲ್ವಾಮ್ಮ. ಇಲಿ ತಂದಾಕಿರ್ಬೇಕು.’ ಮಾತು ಅದಾಗಿ ಅದೇ ಬಂತು. ಇಷ್ಟು ಸಲೀಸಾಗಿ ಬಂದದ್ದು ನೋಡಿ ಅವನಿಗೇ ಹೇಸಿಗೆಯಾಯಿತು.

ಖತೀಜಾ ಬೀ ಗೂಡನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಆ ಬೆರಳುಗಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ‘ಮೂವತ್ತು ವರ್ಷ ಕುದಿಯೋ ನೀರಲ್ಲಿ ಕೈ ಇಟ್ಟು ಗೂಡಿಂದ ನೂಲು ತೆಗ್ದಿದೀನಿ. ನಂಗೆ ಇಲಿ ಕಥೆ ಹೇಳ್ತೀಯಾ? ಇಲಿ ಆದ್ರೆ ಕಚ್ಚಿ ಹರಿದು ಒಳಗಿನ ಹುಳು ತಿನ್ನುತ್ತೆ. ಇದು ಹರಿದಿಲ್ಲ. ಚಿಟ್ಟೆ ತಾನೇ ನೆನೆಸಿ, ಎಳೆ ಸರಿಸಿ, ಹೊರಗೆ ಬಂದಿರೋದು. ಇಲ್ಲೇ ಬಿದ್ದು, ಇಲ್ಲೇ ಚಿಟ್ಟೆ ಆಗಿದೆ.’ ಮತ್ತೆ ಕೈ ಹಾಕಿ ಸೀಟ್ ಬೆಲ್ಟಿನ ಬುಡದಿಂದ ಒಂದು ಎಳೆ ಎಳೆದರು. ಗೂಡಿನ ಮೇಲಿನ ಜುಂಗು, ಹತ್ತಿಯಂಥ ಎಳೆ. ಎಳೆದಷ್ಟೂ ಬಂತು. ಆಕೆ ಅದನ್ನು ಅಭ್ಯಾಸಬಲದಲ್ಲಿ ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋದರು.

ಚನ್ನಕೇಶವ ನೆಲ ನೋಡುತ್ತಾ ನಿಂತ. ಅರವತ್ತು ದಾಟಿದ ಗಂಡಸು, ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಿದ್ದ.

‘ನನ್ನ ಮಗ ಕಲ್ಲು ನೋಡ್ತಾನೆ. ಗೂಡು ನೋಡೋಕೆ ಬರಲ್ಲ ಅವನಿಗೆ’ ಅಂದರು ಖತೀಜಾ ಬೀ, ಮೆಲ್ಲಗೆ. ‘ನೀನೇ ಹೇಳಿದ್ರೆ ನಿಂಗೆ ಮರ್ಯಾದೆ. ಚಾ ಕುಡಿಯೋವರ್ಗೂ ಕಾಯ್ತೀನಿ. ಆಮೇಲೆ ನಾನು ತಾಯಿ, ಸುಮ್ನಿರೋಕಾಗಲ್ಲ.’ ಅಂದು ಅವನ ಭುಜ ಹಿಡಿದು ಎದ್ದರು. ಆ ಭುಜ ಹಿಡಿದದ್ದು ಅವನಿಗೆ ಹೊಡೆತಕ್ಕಿಂತ ಹೆಚ್ಚಾಯಿತು.

ಜಗಲಿಯಲ್ಲಿ ಮಾಲಾ ಚಹಾ ತಂದಿಟ್ಟಿದ್ದಳು. ಷರೀಫ್ ನೋಟ್‌ಬುಕ್ಕುಗಳನ್ನು ಮಡಿಲಲ್ಲಿಟ್ಟುಕೊಂಡು ಹಾಳೆ ತಿರುವುತ್ತಿದ್ದರು. ಪ್ರತಿ ಸಾಲಿನಲ್ಲೂ ತಾರೀಖು, ಪಕ್ಕದಲ್ಲಿ ದುಂಡಗೆ ಬರೆದ ಅದೇ ನಂಬರು. ಮದರಸಾದ ಮೇಷ್ಟ್ರು ಒಳ್ಳೇ ಹುಡುಗನ ಕಾಪಿಪುಸ್ತಕ ನೋಡುವ ಹಾಗೆ ನೋಡುತ್ತಿದ್ದರು.

‘ಕೇಶವಣ್ಣ, ಮೂವತ್ತರಲ್ಲಿ ಅರ್ಧ ಈ ಪುಸ್ತಕಕ್ಕೇ ಕೊಡ್ತಿರೋದು’ ಅಂದರು. ‘ಕಮ್ಮಿ ಓಡಿರೋ ಗಾಡಿ ಅಂತ ದಿನಕ್ಕೆ ಹತ್ತು ಜನ ಫೋನ್ ಮಾಡ್ತಾರೆ. ಸಾಕ್ಷಿ ಕೇಳಿದ್ರೆ ಗಪ್ ಚುಪ್. ಕೊನೇ ಹಾಳೇಲಿ ಒಂದು ಸಾಲು ಬರ್ದು ಸಹಿ ಹಾಕ್ಬಿಡಿ. ನಿಂತ ದಿನದಿಂದ ಓಡಿಲ್ಲ ಅಂತ.’

‘ಸಹಿ ಯಾಕೆ, ಅವನ ಮಾತೇ ಸಾಕು’ ಅಂದರು ಅನಸೂಯಮ್ಮ, ಹೆಮ್ಮೆಯಿಂದ. ‘ನಮ್ಮನೆಯವರು ಹೇಳ್ತಿದ್ರು, ಕೇಶವನ ಹತ್ರ ಇಟ್ಟದ್ದು ದೇವರ ಹುಂಡೀಲಿ ಇಟ್ಟಂಗೆ ಅಂತ.’

ಷರೀಫ್ ಪೆನ್ನು ಮುಂದೆ ಹಿಡಿದರು. ಚನ್ನಕೇಶವ ತಗೊಂಡ. ಮುಚ್ಚಳ ತೆಗೆದ. ಖತೀಜಾ ಬೀ ಚಹಾ ಬಟ್ಟಲನ್ನು ಸಾಸರಿಗೆ ಬಗ್ಗಿಸಿಕೊಂಡು ಊದಿ ಊದಿ ಕುಡಿಯುತ್ತಿದ್ದರು, ಬಟ್ಟಲಲ್ಲಿ ಇನ್ನು ಎರಡು ಗುಟುಕು ಉಳಿದಿತ್ತು. ಎದುರಿಗೆ ಅನಸೂಯಮ್ಮ. ಆಕೆಯ ಕಿವಿಯಲ್ಲಿ ಈಗ ಓಲೆ ಕೂಡ ಇರಲಿಲ್ಲ, ಬೇವಿನ ಕಡ್ಡಿ ಇತ್ತು. ಅವನು ಪೆನ್ನಿನ ಮುಚ್ಚಳ ಮತ್ತೆ ಹಾಕಿದ.

‘ಒಂದ್ಸಲ ಓಡ್ಸಿದೀನಿ’ ಅಂದ.

ಯಾರಿಗೂ ಅರ್ಥವಾಗಲಿಲ್ಲ. ಅವನು ಪೆನ್ನು ಕೆಳಗಿಟ್ಟ. ‘ಒಂದ್ಸಲ. ಟೆಂಪೋ ಬರ್ಲಿಲ್ಲ. ಗೂಡು ಹಾಳಾಗೋದು. ಮೀಟರ್ ಕೇಬಲ್ ಬಿಚ್ಚಿ ಮಾರ್ಕೆಟ್ಟಿಗೆ ತಗೊಂಡೋದೆ. ಅದಕ್ಕೇ ನಂಬರ್ ಅಲ್ಲೇ ಐತೆ.’

ಷರೀಫ್ ನೋಟ್‌ಬುಕ್ ಮುಚ್ಚಿದರು. ‘ಒಂದೇ ಸಲಾನಾ?’

‘ಒಂದೇ ಸಲ’ ಅಂದ ಚನ್ನಕೇಶವ. ನೋಡಿ ಮನುಷ್ಯನ ಬುದ್ಧಿ! ಬಾಯಿ ತೆಗೆದು ನಿಜ ಹೇಳಲು ಹೊರಟವನೂ ದಾರಿಯಲ್ಲಿ ಅರ್ಧ ಬಚ್ಚಿಡುತ್ತಾನೆ.

ಖತೀಜಾ ಬೀ ತೋರುಬೆರಳಿಗೆ ಸುತ್ತಿಕೊಂಡಿದ್ದ ಜುಂಗನ್ನು ಬಿಡಿಸಿ ಜಗಲಿಯ ಕಲ್ಲಿನ ಮೇಲೆ ಇಟ್ಟರು. ನಿಂಬೆಹಣ್ಣಿನ ಗಾತ್ರದ ಉಂಡೆ. ಅದರ ಪಕ್ಕದಲ್ಲಿ ತೂತು ಗೂಡು. ‘ಒಂದು ಸಲಕ್ಕೆ ಇಷ್ಟು ಬರಲ್ಲ ಬೇಟಾ’ ಅಂದರು.

ಮಾಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಚನ್ನಕೇಶವ ಜಗಲಿಯಿಂದ ಇಳಿದು ಅಂಗಳದ ಮಣ್ಣಿನಲ್ಲಿ ಕೂತ. ಮೇಲೆ ಕೂರುವ ಯೋಗ್ಯತೆ ಇಲ್ಲ ಅನ್ನಿಸಿತ್ತು. ಅಲ್ಲಿಂದಲೇ ಎಲ್ಲಾ ಹೇಳಿದ. ಐವತ್ತು ಸಲ, ಒಂದೆರಡು ಹೆಚ್ಚುಕಮ್ಮಿ. ಮೊದಲನೇದು ಬಿಟ್ಟು ಮಿಕ್ಕ ಯಾವುದಕ್ಕೂ ಟೆಂಪೋ ಸಿಗುತ್ತಿರಲಿಲ್ಲ ಅಂತೇನಿಲ್ಲ. ಆಸೆಗೆ ಓಡಿಸಿದೆ. ಜನ ನೋಡಲಿ ಅಂತ ಓಡಿಸಿದೆ. ಅಣ್ಣ ಹಾಸಿಗೆಯಲ್ಲಿದ್ದಾಗಲೂ ಓಡಿಸಿದೆ. ಅವರು ಹೋದ ಮೇಲೆ ಮುಟ್ಟಿಲ್ಲ.

ಹೇಳಿ ಮುಗಿಸಿದವನಿಗೆ ಷರೀಫರ ಮಾತೊಂದು ನೆನಪಾಯಿತು, ಮುಳುಗುವವನಿಗೆ ಹುಲ್ಲುಕಡ್ಡಿ. ‘ಓಡ್ಸಿದ್ದಕ್ಕೇ ಗಾಡಿ ಚೆನ್ನಾಗೈತೆ ಅಲ್ವಾ ಸಾರ್? ನೀವೇ ಅಂದ್ರಲ್ಲ, ಓಡದೆ ಇದ್ರೆ ಹಾಳಾಗುತ್ತೆ ಅಂತ.’

‘ಹೌದು ಕೇಶವಣ್ಣ’ ಅಂದರು ಷರೀಫ್. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ಅವರು ಮಾಡಲಿಲ್ಲ. ‘ಓಡ್ಸಿದ್ದೇ ಒಳ್ಳೇದಾಯ್ತು. ಓಡ್ಸಿ, ಮೀಟರ್ ಏರೋಕೆ ಬಿಟ್ಟು, ಈ ಪುಸ್ತಕದಲ್ಲಿ ಬರ್ದಿದ್ರೆ ಎಂಟು ಸಾವಿರ ಚಿಲ್ಲರೆ ಆಗಿರ್ತಿತ್ತು. ಆರಕ್ಕೂ ಎಂಟಕ್ಕೂ ಏನು ಮಹಾ? ಒಂದೋ ಎರಡೋ ಲಕ್ಷ ಕಮ್ಮಿ ಮಾಡಿ ಕಣ್ಣಿಗೊತ್ಕೊಂಡು ತಗೋತಿದ್ದೆ. ಈಗ ಎಷ್ಟು ಅಂತ ತಿಳ್ಕೊಳ್ಲಿ? ಎಂಟಾ, ಹದಿನೆಂಟಾ? ನಾಳೆ ನನ್ನ ಹತ್ರ ಕೊಳ್ಳೋನಿಗೆ ಏನು ಹೇಳ್ಲಿ? ಹರಳಿನ ಪೊಟ್ಟಣದಲ್ಲಿ ಒಂದು ಬಣ್ಣ ಹಾಕಿದ ಕಲ್ಲು ಸಿಕ್ಕಿದ್ರೆ ಮಿಕ್ಕ ಕಲ್ಲನ್ನೂ ಯಾರೂ ನಂಬಲ್ಲ. ಹಂಗಾಗೋಯ್ತು.’

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಮಾನ ಹೋದದ್ದು ಇವನದು, ಆನೆ ಕಳೆದುಕೊಂಡವರು ಅನಸೂಯಮ್ಮ. ಷರೀಫ್ ತುಂಬಾ ಹೊತ್ತು ಲೆಕ್ಕ ಹಾಕಿ, ತಾಯಿಯ ಮುಖ ನೋಡಿ, ಹದಿನೆಂಟು ಲಕ್ಷ ಅಂದರು. ಅದೂ ಗಾಡಿಯ ಸ್ಥಿತಿ ನೋಡಿ, ಇನ್ಯಾರೂ ಅಷ್ಟು ಕೊಡೋದಿಲ್ಲ ಅಂದರು. ಅದು ಸುಳ್ಳಾಗಿರಲಿಲ್ಲ. ಅನಸೂಯಮ್ಮ ‘ಆಗ್ಲಿ’ ಅಂದರು. ಆ ಒಂದು ಮಾತಿಗೆ ನುಗ್ಗೇ ಮರದ ಮನೆ ಹೋಯಿತು. ಷರೀಫ್ ಶುಕ್ರವಾರದ ನಮಾಜು ಮುಗಿಸಿ ಗಾಡಿ ತಗೊಂಡು ಹೋಗಲು ಬರುತ್ತೇನೆ ಅಂದರು. ನೋಟ್‌ಬುಕ್ಕುಗಳನ್ನು ಜಗಲಿಯ ಮೇಲೇ ಬಿಟ್ಟು ಹೋದರು.

ಅವರ ಕಾರಿನ ಸದ್ದು ರಸ್ತೆ ಸೇರಿ ಅಡಗಿತು. ಅನಸೂಯಮ್ಮ ಕೂತ ಜಾಗದಿಂದ ಏಳಲಿಲ್ಲ. ಬೈಯಲಿ, ಎರಡೇಟು ಹಾಕಲಿ, ಮಣ್ಣು ತೂರಲಿ ಅಂತ ಚನ್ನಕೇಶವ ಕಾದ. ‘ಅಮ್ಮಾ, ಒಂದೆಕರೆ ಮಾರ್ತೀನಿ. ಮನೆಗೆ ಕಮ್ಮಿ ಬಿದ್ದಿದ್ದು ನಾನು ಕಟ್ಕೊಡ್ತೀನಿ’ ಅಂದ. ನಿಜಕ್ಕೂ ಹೇಳಿದ, ಮಾರುವವನೂ ಹೌದು. ಆಕೆ ಅದು ಕೇಳಿಸದವರ ಹಾಗೆ ಜುಂಗಿನ ಉಂಡೆಯನ್ನು ನೋಡುತ್ತಿದ್ದರು.

‘ಆ ಸೀಟಲ್ಲಿ ಇಟ್ಕೊಂಡು ಹೋಗ್ತಿದ್ದಾ ಚೀಲಾನ?’ ಅಂದರು.

‘ಹೂನಮ್ಮ.’

‘ಬೆಲ್ಟು ಹಾಕಿ?’

ಅವನು ತಲೆಯಾಡಿಸಿದ. ಅನಸೂಯಮ್ಮ ಉಂಡೆಯಿಂದ ಕಣ್ಣು ತೆಗೆದು ಅವನನ್ನು ನೋಡಿದರು. ಅವನಿಗೆ ಗೊತ್ತಾಯಿತು, ಮಾತು ಎಲ್ಲಿಗೆ ಬರುತ್ತಿದೆ ಅಂತ. ಎದ್ದು ಹೋಗಿ ಸೊಪ್ಪು ಕುಯ್ಯುವಂತಿರಲಿಲ್ಲ.

‘ಅವರು ಮುದ್ದೇನಹಳ್ಳಿ ಕ್ರಾಸ್‌ವರ್ಗೂ ಕರ್ಕೊಂಡೋಗು ಅಂತ ಕೇಳಿ, ಬೇಡ ಬಿಡು ಅಂದ್ರಲ್ಲ, ಆವತ್ತು’ ಅಂದರು ಅನಸೂಯಮ್ಮ. ‘ನಾನು ಅಡಿಗೆಮನೆ ಬಾಗಿಲಲ್ಲಿ ನಿನ್ನ ಕರ್ದು ಕೇಳ್ದೆ. ಕೇಶವಾ, ಮೀಟರ್ ಓಡದಂಗೆ ಮಾಡೋಕೆ ಏನಾದ್ರೂ ದಾರಿ ಇದ್ಯೇನಪ್ಪಾ, ಒಂದೇ ಒಂದ್ಸಲ ಕೂರ್ಸಿ ಕರ್ಕೊಂಡ್ಬಾ ಅಂತ. ಏನಂದೆ ನೀನು?’

ಅಂಥದ್ದೇನೂ ಇಲ್ಲಮ್ಮ ಅಂದಿದ್ದ. ಇದೆ ಅಂದರೆ ನಿಂಗೆ ಹೇಗೆ ಗೊತ್ತು ಅಂತ ಕೇಳಿಯಾರು ಅಂತ ಹೆದರಿ, ಕಾಫಿ ಲೋಟ ಕೆಳಗಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಅಂದಿದ್ದ. ಅದೇ ವಾರ ಗುರುವಾರ ಎರಡು ಚೀಲ ಗೂಡು ಟಾಪು ತೆಗೆದ ಗಾಡಿಯಲ್ಲಿ ಶಿಡ್ಲಘಟ್ಟಕ್ಕೆ ಹೋಗಿದ್ದವು.

‘ಇಲ್ಲ ಅಂದೆ ಅಮ್ಮಾ’ ಅಂದ ಚನ್ನಕೇಶವ. ಅಳು ಬಂತು. ಅಳುವ ಹಕ್ಕೂ ತನಗಿಲ್ಲ ಅಂತ ತಿಳಿದೇ ಅಳು ಬಂತು.

ಅನಸೂಯಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆಟೋಗೆ ಗೇಟಿನ ತನಕ ನಡೆಯಬೇಕು. ಎರಡು ಹೆಜ್ಜೆ ಹೋಗಿ ನಿಂತು, ಹಿಂದಿರುಗಿ ನೋಡದೆ ಕೇಳಿದರು, ‘ಆ ಕೇಬಲ್ ಬಿಚ್ಚೋಕೆ ಎಷ್ಟು ಹೊತ್ತು ಬೇಕು?’

‘ಎರಡು ನಿಮಿಷ.’

‘ಎರಡು ನಿಮಿಷ’ ಅಂದರು ಅನಸೂಯಮ್ಮ. ಹಿಪ್ಪುನೇರಳೆ ಸಾಲಿನ ಪಕ್ಕದಲ್ಲಿ ನಿಧಾನವಾಗಿ ಗೇಟಿನ ಕಡೆ ನಡೆದು ಹೋದರು.